ಹುಬ್ಬಳ್ಳಿ-ಧಾರವಾಡದ ನಡುವೆ

ಎಳೆಯ ಗೆಳೆಯರೇ,

ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಇಲ್ಲೇ, ಮುಂಬಯಿಯಲ್ಲಿ, ಇಲ್ಲವೆ ಠಾಣೆ, ಡೊಂಬಿವಲಿ, ನೆರೂಳಗಳಲ್ಲಿ. ಆದರೂ ಸಂಘದ ರಾಜ್ಯೋತ್ಸವಕ್ಕೆ ಬಂದಾಗ ಹಿರಿಯರು ಯಾರಾದರೂ "ನಿಮ್ಮ ಊರು ಯಾವುದಪ್ಪಾ?" ಎಂದು ಕೇಳಿದರೆ, ನೀವು ಒಂದು ಗಳಿಗೆ ತಡೆದು "ಹುಬ್ಬಳ್ಳಿ-ಧಾರವಾಡ" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಯಾವುದು, ಹುಬ್ಬಳ್ಳಿಯೋ ಧಾರವಾಡವೋ ಎಂದು ಮರುಪ್ರಶ್ನೆ ಹಾಕಿದರೆ ನಿಮಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ತಪ್ಪು ನಿಮ್ಮದಲ್ಲ. ನಾವೇ ಆ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದ್ದೇವೆ.

ಆ ಎರಡು ಹೆಸರುಗಳ ನಡುವೆ ಬರೆಯುವ ಸಣ್ಣ ಗೆರೆಯ ಉದ್ದ ನೆಲದ ಮೇಲೆ ಸುಮಾರು 20 ಕಿಲೋಮೀಟರು. ಮನೆಯ ಒಂದು ವ್ಯವಹಾರದ ನಿಮಿತ್ತ ಹೋದ ಡಿಸೆಂಬರಿನಲ್ಲಿ ಊರಿಗೆ ಹೋದವನು ಆ 20 ಕಿಲೋಮೀಟರನ್ನು ಒಂದು ಇಡೀ ದಿನ ತಿರುಗಿ ನೋಡಿ ಬಂದೆ. ನೋಡಿದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು. ಏಕೆಂದರೆ ಆ ವ್ಯವಹಾರ ನಾಳೆ ನಿಮ್ಮ ಕೈಗೇ ಬರುವಂಥದು.

ಧಾರವಾಡದಿಂದ ಹೊರಟಾಗ

ನಾವು ಹುಡುಗರಾಗಿದ್ದಾಗ ಮುಂಬಯಿಯಿಂದ ಊರಿಗೆ ಹೋಗುವುದೆಂದರೆ ಮಿರಜದಲ್ಲಿ ಇಳಿದು, ಗಂಟು ಮೂಟೆ ಹೊತ್ತು, ಮೀಟರ್‌ಗೇಜ್ ಗಾಡಿ ಹತ್ತುವುದು. ಈಗ ಆ ತಾಪತ್ರಯವಿಲ್ಲ. ಮಲಗಿ ಎದ್ದರೆ ಧಾರವಾಡ. ಸ್ಟೇಷನ್ನಿನಿಂದ ಹೊರಬಂದರೆ ಮಾಳಮಡ್ಡಿ. ಹಂಚಿನ ಮಾಡಿನ ಮನೆಗಳು, ಮುಂದೆ ಪಾರಿಜಾತ, ಹಿಂದೆ ಬಾವಿ, ಹೀಗೆ ನಿಮ್ಮ ಅಜ್ಜ ಅಜ್ಜಿಯರು ವರ್ಣಿಸುತ್ತಿದ್ದ ಮಾಳಮಡ್ಡಿ ಇನ್ನೂ ಅಲ್ಲಲ್ಲಿ ಉಳಿದಿದೆ. ಹಂಚಿನ ಮನೆ ಇದ್ದ ಎಷ್ಟೋ ಕಡೆ ಈಗ ಮೂರು ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ.

ಧಾರವಾಡಕ್ಕೂ ಮುಂಬಯಿಗೂ ಹಳೆಯ ನಂಟು. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದ ಭಾಗವಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದು 1949ರಲ್ಲಿ ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಸಾಧನಕೇರಿಯ ಬೇಂದ್ರೆಯವರ ಮನೆ, ಲೈನ್ ಬಜಾರಿನ ಫೇಡಾ ಇವೆಲ್ಲ ನಿಮಗೆ ಗೊತ್ತಿರುವ ಧಾರವಾಡ. ಹುಬ್ಬಳ್ಳಿ ಹಾಗಲ್ಲ. ಅದು ಹತ್ತಿಯ ಪೇಟೆ, ರೈಲ್ವೆ ವರ್ಕ್‌ಶಾಪು, ವ್ಯಾಪಾರದ ಊರು. "ಧಾರವಾಡದವರಿಗೆ ಓದು, ಹುಬ್ಬಳ್ಳಿಯವರಿಗೆ ರೊಕ್ಕ" ಎಂದು ನಮ್ಮ ಕಾಕಾ ನಗುತ್ತ ಹೇಳುತ್ತಾರೆ. ಅವರಿಗೀಗ ಎಂಬತ್ತು ದಾಟಿದೆ. ಅಂದಿನ ಪಯಣಕ್ಕೆ ಅವರೇ ನನ್ನ ಜೊತೆಗಾರರು.

ಜುಬಿಲಿ ಸರ್ಕಲ್ಲಿನಲ್ಲಿ ನಾವು 'ಚಿಗರಿ' ಹತ್ತಿದೆವು. ಚಿಗರಿ ಎಂದರೆ ನಮ್ಮ ಕಡೆ ಜಿಂಕೆ. ಇಲ್ಲಿ ಅದು ಬಸ್ಸಿನ ಹೆಸರು. ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲಾದ ದಾರಿ, ಎತ್ತರದ ನಿಲ್ದಾಣ, ತಾನಾಗಿ ತೆರೆಯುವ ಬಾಗಿಲು, ಒಳಗೆ ತಂಪು. 2018ರ ಅಕ್ಟೋಬರಿನಲ್ಲಿ ಪರೀಕ್ಷಾರ್ಥವಾಗಿ ಓಡಿ, 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ವ್ಯವಸ್ಥೆ ಇದು. ಎಲ್ಲ ಕಡೆ ನಿಲ್ಲುವ ಗಾಡಿಯಲ್ಲೇ ಕುಳಿತೆವು. ಅವಸರವಿರಲಿಲ್ಲ.

ಟೋಲ್ ನಾಕಾ ದಾಟುತ್ತಿದ್ದಂತೆ ಕಾಕಾ ಕಿಟಕಿಯ ಹೊರಗೆ ಕೈ ತೋರಿಸಿದರು. "ತಮ್ಮಾ, ನಾ ಕಾಲೇಜಿಗೆ ಹೋಗೂವಾಗ ಧಾರವಾಡ ಇಲ್ಲಿಗೇ ಮುಗೀತಿತ್ತು ನೋಡು. ಇಲ್ಲಿಂದ ಮುಂದ ಬರೇ ಹೊಲ, ಎರಡೂ ಕಡೆ ಗಿಡ. ಸೈಕಲ್ ಮ್ಯಾಲೆ ಹುಬ್ಬಳ್ಳಿಗೆ ಹೋದ್ರ ಬಿಸಿಲೇ ತಾಗ್ತಿದ್ದಿಲ್ಲ."

ಪಿ.ಬಿ. ರೋಡು ಎಂದು ಇಂದಿಗೂ ಕರೆಯುವ ಆ ಪುಣೆ-ಬೆಂಗಳೂರು ರಸ್ತೆಯ ದೊಡ್ಡ ಮರಗಳು ಈಗಿಲ್ಲ. ಬಸ್ಸಿನ ದಾರಿಗಾಗಿ ರಸ್ತೆ ಅಗಲವಾದಾಗ ಅವು ಉರುಳಿದವು. ಬಸ್ಸು ಒಳ್ಳೆಯದೇ. ಸಾವಿರಾರು ವಿದ್ಯಾರ್ಥಿಗಳು, ನೌಕರರು ಅದರಲ್ಲಿ ಓಡಾಡುತ್ತಾರೆ. ಆದರೆ ರಸ್ತೆಗೆ ಬೇಕಾದ ಜಾಗವನ್ನು ಊರು ಬೆಳೆಯುವ ಮೊದಲೇ ಬಿಟ್ಟಿದ್ದರೆ ಇಷ್ಟು ಮರ ಕಡಿಯಬೇಕಾಗಿತ್ತೇ, ಇಷ್ಟು ಕಟ್ಟಡ ಒಡೆಯಬೇಕಾಗಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದು ದಿನವಿಡೀ ಬೇರೆ ಬೇರೆ ರೂಪದಲ್ಲಿ ಎದುರಾದದ್ದು ಇದೇ ಪ್ರಶ್ನೆ.

ನವಲೂರಿನ ಪೇರಲ

ಸತ್ತೂರು ದಾಟಿದರೆ ನವಲೂರು. ಧಾರವಾಡದವರಿಗೆ ಈ ಹೆಸರು ಕೇಳಿದರೆ ಬಾಯಲ್ಲಿ ನೀರು. ನವಲೂರಿನ ಪೇರಲಹಣ್ಣು ಅಷ್ಟು ಪ್ರಸಿದ್ಧ. ಬುಟ್ಟಿಯಲ್ಲಿ ಹಣ್ಣು ಹೊತ್ತು ಬರುತ್ತಿದ್ದ ಹೆಂಗಸರು ಹಣ್ಣನ್ನು ನಾಲ್ಕು ಹೋಳು ಮಾಡಿ, ಉಪ್ಪು ಖಾರ ಸವರಿ ಕೊಡುತ್ತಿದ್ದುದು ನನಗೆ ನೆನಪಿದೆ. ನಾವು ಅಲ್ಲಿ ಇಳಿದೆವು. ಕಾಕಾಗೆ ಪರಿಚಯದ ರೈತರೊಬ್ಬರ ತೋಟವಿತ್ತು.

ತೋಟ ಇನ್ನೂ ಇದೆ. ಅದರ ಮೂರು ಕಡೆಗೆ ಈಗ ಕಾಂಪೌಂಡು ಗೋಡೆಗಳು. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಕಲ್ಲು ನೆಟ್ಟು ಗೆರೆ ಹಾಕಿದ ಪ್ಲಾಟುಗಳು. ನಾನು ಪಟ್ಟಣದವನ ಧಾಟಿಯಲ್ಲಿ, "ಇದನ್ನಾದರೂ ಮಾರಬ್ಯಾಡ್ರಿ, ಹಿಂಗೇ ಉಳಿಸ್ರಿ" ಎಂದೆ. ಆ ಯಜಮಾನರು ಸಿಟ್ಟಾಗಲಿಲ್ಲ. ಹಣ್ಣೊಂದನ್ನು ಕಿತ್ತು ನನ್ನ ಕೈಗಿಟ್ಟು ಹೇಳಿದರು: "ನೀವು ವರ್ಷಕ್ಕೊಮ್ಮೆ ಬಂದು ಹಣ್ಣು ತಿಂದು ಹೋಗ್ತೀರಿ. ನನಗ ಮಗಳ ಮದುವಿ ಐತಿ, ಮಗನ ಎಂಜಿನಿಯರಿಂಗ್ ಫೀ ಐತಿ. ಕೂಲಿ ಆಳು ಸಿಗಂಗಿಲ್ಲ. ಗಿಡಾ ಉಳಸಂತೀರಿ, ನನ್ನ ಯಾರು ಉಳಸ್ತಾರ?"

ನನ್ನಲ್ಲಿ ಉತ್ತರವಿರಲಿಲ್ಲ. ಊರು ಬೆಳೆಯಬಾರದು, ಹೊಲ ಹೊಲವಾಗಿಯೇ ಇರಲಿ, ನಾವು ರಜೆಗೆ ಬಂದಾಗ ಹಳೆಯ ಚಿತ್ರ ಹಾಗೇ ಕಾಣಲಿ ಎಂದು ಬಯಸುವುದು ನಮ್ಮ ಸ್ವಾರ್ಥ. ನಾವು ಊರು ಬಿಟ್ಟು ಮುಂಬಯಿಗೆ ಬಂದದ್ದೂ ಮಕ್ಕಳ ಓದಿಗೆ, ಮದುವೆಗೆ ಅಲ್ಲವೇ? ಹಳ್ಳಿಯವರು ಹುಬ್ಬಳ್ಳಿ-ಧಾರವಾಡಕ್ಕೆ ಬರುವುದೂ ಅದಕ್ಕೇ. ಅವಳಿ ನಗರದ ಜನಸಂಖ್ಯೆ 1981ರಲ್ಲಿ 5.27 ಲಕ್ಷವಿತ್ತು. 1991ರಲ್ಲಿ 6.48 ಲಕ್ಷ, 2001ರಲ್ಲಿ 7.86 ಲಕ್ಷ, 2011ರಲ್ಲಿ 9.43 ಲಕ್ಷ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗಲೇ ಇಲ್ಲವಾದ್ದರಿಂದ ಮುಂದಿನ ಲೆಕ್ಕ ಸಿಗುವುದಿಲ್ಲ. ಆದರೆ 30 ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದು ಸೇರಿದರೆ ಅವರಿಗೆ ಮನೆ ಬೇಕೇ ಬೇಕು. ಊರು ಬೆಳೆಯಬೇಕೇ ಬೇಡವೇ ಎನ್ನುವುದು ಪ್ರಶ್ನೆಯೇ ಅಲ್ಲ. ಮನೆ ಮೊದಲೋ, ರಸ್ತೆ ಗಟಾರ ಮೊದಲೋ ಎನ್ನುವುದು ಪ್ರಶ್ನೆ.

ನಡುವಿನ ಹೊಸ ಊರು

ನಮ್ಮ ಹಿರಿಯರು ಇದನ್ನು ಯೋಚಿಸಿಯೇ ಇರಲಿಲ್ಲ ಎಂದು ತಿಳಿಯಬೇಡಿ. 1962ರಲ್ಲಿ ಎರಡೂ ಊರುಗಳನ್ನು ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಸುಮಾರು 200 ಚದರ ಕಿಲೋಮೀಟರಿನ ಆ ಪಾಲಿಕೆಯ ವ್ಯಾಪ್ತಿಯೊಳಗೆ ನಡುವಿನ ಹಳ್ಳಿಗಳೂ ಬಂದವು. ಎರಡು ಊರುಗಳು ಹೇಗೂ ಒಂದರ ಕಡೆಗೊಂದು ಬೆಳೆಯುತ್ತವೆ, ನಡುವಿನ ನೆಲ ಯಾರದೂ ಅಲ್ಲದ್ದಾಗಬಾರದು ಎಂಬ ವಿಚಾರ ಅದರಲ್ಲಿತ್ತು. ಆ ವಿಚಾರದ ಕಣ್ಣಿಗೆ ಕಾಣುವ ಫಲವೇ ನವನಗರ.

ನವಲೂರಿನಿಂದ ಮತ್ತೆ ಬಸ್ಸು ಹಿಡಿದು ರಾಯಾಪುರ ದಾಟಿ ನವನಗರದಲ್ಲಿ ಇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ನೇರವಾದ ಅಡ್ಡರಸ್ತೆಗಳು, ಮನೆಯ ಮುಂದೆ ಮರಗಳು, ನಡುನಡುವೆ ಮೈದಾನ. ಪೊಲೀಸ್ ಕಮಿಷನರ ಕಚೇರಿ, ಕ್ಯಾನ್ಸರ್ ಆಸ್ಪತ್ರೆ, 2009ರಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಎಲ್ಲವೂ ಇಲ್ಲಿವೆ. ಇಲ್ಲಿ ಮೊದಲು ಗೆರೆ ಬಿತ್ತು, ಆಮೇಲೆ ಮನೆ ಬಂತು. ಒಂದು ಕಾಲಕ್ಕೆ "ಅಲ್ಲಿ ಯಾರು ಹೋಗ್ತಾರ, ರಾತ್ರಿ ನರಿ ಕೂಗ್ತಾವ" ಎಂದು ಜನ ಮೂಗು ಮುರಿದಿದ್ದರಂತೆ. ಈಗ ಅಲ್ಲಿ ಒಂದು ಸೈಟು ಸಿಕ್ಕರೆ ಪುಣ್ಯ ಎನ್ನುತ್ತಾರೆ.

ಹೀಗೆ ಮುಂದಾಗಿ ಗೆರೆ ಹಾಕುವ ಕೆಲಸಕ್ಕೆ ಕಾನೂನೂ ಇದೆ. ಪಾಲಿಕೆ ಬೇರೆ, ನಗರಾಭಿವೃದ್ಧಿ ಪ್ರಾಧಿಕಾರ ಬೇರೆ ಎನ್ನುವುದನ್ನು ನೀವು ತಿಳಿದಿರಬೇಕು. ಇರುವ ಊರಿಗೆ ನೀರು, ದೀಪ, ಕಸದ ವ್ಯವಸ್ಥೆ ಮಾಡುವುದು ಪಾಲಿಕೆ. ಊರು ಮುಂದೆ ಎತ್ತ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹಸಿರು ಎಂದು ನಕ್ಷೆ ಮಾಡಿ, ಹೊಸ ಬಡಾವಣೆಗಳಿಗೆ ಮಂಜೂರಾತಿ ಕೊಡುವುದು ಪ್ರಾಧಿಕಾರ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಇದಕ್ಕೆ ಆಧಾರ. ನಕ್ಷೆ ಇದೆ, ಕಾಯ್ದೆ ಇದೆ, ಕಚೇರಿಯೂ ಇದೆ. ಹಾಗಿದ್ದರೆ ಕೊರತೆ ಎಲ್ಲಿ? ಅದನ್ನು ತಿಳಿಯಲು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮದೇ ಪ್ಲಾಟಿಗೆ ಹೋದೆ.

ನಮ್ಮ ಗುಂಟೆ ಪ್ಲಾಟು

ಆರಂಭದಲ್ಲಿ ಹೇಳಿದ ಮನೆಯ ವ್ಯವಹಾರ ಇದೇ. 1980ರ ದಶಕದಲ್ಲಿ ನಮ್ಮ ತಂದೆ ಮುಂಬಯಿಯ ಸಂಬಳದಲ್ಲಿ ಉಳಿಸಿ, ಸ್ವಲ್ಪ ಸಾಲ ಮಾಡಿ, ನಿವೃತ್ತಿಯ ನಂತರ ಊರಲ್ಲಿ ಮನೆ ಕಟ್ಟಬೇಕೆಂದು ಈ ನಡುವಿನ ಪ್ರದೇಶದಲ್ಲಿ, ಹೆದ್ದಾರಿಯಿಂದ ಎರಡು ಕಿಲೋಮೀಟರು ಒಳಗೆ, ಒಂದು ಪ್ಲಾಟು ಕೊಂಡಿದ್ದರು. ಮನೆ ಕಟ್ಟಲಿಲ್ಲ. ಮಕ್ಕಳು ಮುಂಬಯಿಯಲ್ಲೇ ಬೇರು ಬಿಟ್ಟೆವು. ತಂದೆ ತೀರಿಕೊಂಡರು. ಪ್ಲಾಟಿನ ಕಾಗದ ಟ್ರಂಕಿನಲ್ಲಿ ಉಳಿಯಿತು.

ಗುಂಟೆ ಪ್ಲಾಟು ಎಂದರೇನು ಎಂದು ನಿಮಗೆ ಹೇಳಬೇಕು. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ, ಅಂದರೆ ಸುಮಾರು 33 ಅಡಿಗೆ 33 ಅಡಿ. ಒಂದು ಸಣ್ಣ ಮನೆಗೆ ಸಾಕು. ಕ್ರಮಪ್ರಕಾರವಾದರೆ ಹೊಲವನ್ನು ಮೊದಲು ಎನ್.ಎ. ಮಾಡಿಸಬೇಕು, ಅಂದರೆ ಬೇಸಾಯವಲ್ಲದ ಬಳಕೆಗೆ ಪರಿವರ್ತಿಸಬೇಕು. ಆಮೇಲೆ ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಪಡೆಯಬೇಕು. ರಸ್ತೆ, ಉದ್ಯಾನ, ಶಾಲೆಯಂಥ ಸಾರ್ವಜನಿಕ ಕೆಲಸದ ಜಾಗ ಬಿಡಬೇಕು, ಗಟಾರ ಕಟ್ಟಬೇಕು, ನೀರಿನ ಕೊಳವೆ ಹಾಕಬೇಕು. ಇದೆಲ್ಲಕ್ಕೂ ಕಾಲ, ಹಣ ಹಿಡಿಯುತ್ತದೆ, ಮಾರಲು ಉಳಿಯುವ ಜಾಗವೂ ಕಡಿಮೆಯಾಗುತ್ತದೆ. ಅದಕ್ಕೆ ಏಜೆಂಟರು ಅಡ್ಡದಾರಿ ಹಿಡಿದರು. ಹೊಲ ಹೊಲವಾಗಿಯೇ ಇರುತ್ತದೆ. ಅದನ್ನು ಕಾಗದದ ಮೇಲೆ ಗುಂಟೆ ಗುಂಟೆಯಾಗಿ ಹಂಚಿ ಮಾರುತ್ತಾರೆ. ಉತಾರದಲ್ಲಿ ಹತ್ತಾರು ಹೆಸರು ಒಟ್ಟಿಗೆ ಕೂಡುತ್ತವೆ. ಬೆಲೆ ಕಡಿಮೆ ಎಂದು ಜನ ಕೊಳ್ಳುತ್ತಾರೆ. ಉಳಿದ ಖರ್ಚನ್ನೆಲ್ಲ ಮುಂದಿನ ಮೂವತ್ತು ವರ್ಷ ಅಲ್ಲಿ ವಾಸಿಸುವವರು ಕೊಡುತ್ತಾರೆ. ನಮ್ಮ ತಂದೆಗೂ "ಇನ್ನ ಆರು ತಿಂಗಳದಾಗ ಎನ್.ಎ. ಆಗ್ತದ" ಎಂದು ಒಬ್ಬ ಏಜೆಂಟ ಮಾತು ಕೊಟ್ಟಿದ್ದನಂತೆ. ಆ ಆರು ತಿಂಗಳು ಮುಗಿಯಲೇ ಇಲ್ಲ.

ಆಟೋ ಮಾಡಿಕೊಂಡು ಹೋದೆವು. ಡಾಂಬರು ಮುಗಿದು ಗರಸಿನ ರಸ್ತೆ, ಗರಸು ಮುಗಿದು ಎರೆ ಮಣ್ಣು. ಆ ಕರಿ ಮಣ್ಣು ಹೇಗಿರುತ್ತದೆಂದು ಮುಂಬಯಿಯವರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಚಪ್ಪಲಿ ಕಚ್ಚಿ ಹಿಡಿಯುತ್ತದೆ. ಅದರ ಮೇಲೆ ಭದ್ರವಾದ ಅಡಿಪಾಯವಿಲ್ಲದೆ ಏನು ಕಟ್ಟಿದರೂ ಗೋಡೆ ಸೀಳುತ್ತದೆ.

ನಮ್ಮ ಓಣಿಯಲ್ಲಿ ಎರಡೂ ಬದಿ ಸೇರಿ 40 ಪ್ಲಾಟು. ನಾನು ಎಣಿಸಿದೆ, ಮನೆ ಕಟ್ಟಿದವರು 11 ಜನ. ಉಳಿದ 29 ಖಾಲಿ. ನಮ್ಮ ಪ್ಲಾಟಿನಲ್ಲಿ ಎದೆಮಟ್ಟ ಕಾಂಗ್ರೆಸ್ ಕಸ, ಜಾಲಿ. ಗಡಿಕಲ್ಲು ಎರಡು ಮಾತ್ರ ಸಿಕ್ಕವು. ಪಕ್ಕದ ಮನೆಯಿಂದ ಒಬ್ಬ ತಾಯಿ ಹೊರಗೆ ಬಂದರು. ನಾವು ಯಾರೆಂದು ತಿಳಿದ ಮೇಲೆ ಒಳಗೆ ಕರೆದು ಚಹಾ ಕೊಟ್ಟರು. ಚಹಾ ಕೊಟ್ಟು ಮೆಲ್ಲಗೆ ಕೇಳಿದರು:

"ಮುಂಬೈಯವರು ನೀವೇ ಏನ್ರಿ? ಭಾಳ ದಿನದಿಂದ ನಿಮ್ಮನ್ನ ಹುಡುಕಾಕತ್ತಿದ್ವಿ. ನಿಮ್ಮ ಪ್ಲಾಟಿನಾಗ ಹಾವು ಆಗ್ಯಾವ್ರಿ. ಮಳಿಗಾಲದಾಗ ನೀರು ನಿಂತು ನಮ್ಮ ಹಿತ್ತಲಿಗೆ ಬರ್ತದ. ಗರಸು ಹಾಕ್ಸಾಕ, ಗಟಾರ ತೋಡ್ಸಾಕ ಎಲ್ಲಾರೂ ವಂತಿಗಿ ಹಾಕಿದ್ವಿ. ಹನ್ನೊಂದು ಮನಿಯವರು ಕೊಟ್ಟಾರ. ಖಾಲಿ ಪ್ಲಾಟಿನವರು ಯಾರೂ ಸಿಗಂಗಿಲ್ಲ. ಒಬ್ಬರು ಪುಣೆ ಅಂತಾರ, ಒಬ್ಬರು ಬೆಂಗಳೂರು ಅಂತಾರ, ನೀವು ಮುಂಬೈ. ಅರ್ಧಾ ಓಣಿ ಗಟಾರ ಮಾಡಿದ್ರ ನೀರು ಎಲ್ಲಿ ಹೋಗಬೇಕ್ರಿ?"

ಗೆಳೆಯರೇ, ನನಗೆ ತಲೆ ಎತ್ತಲಾಗಲಿಲ್ಲ. ಊರಿನ ಮೇಲೆ ಪ್ರೀತಿ ಎಂದು ಸಂಘದ ವೇದಿಕೆಯ ಮೇಲೆ ನಾನು ಎಷ್ಟು ಭಾಷಣ ಮಾಡಿಲ್ಲ! ಊರಲ್ಲಿ ನಾನು ಯಾರು ಎಂದರೆ, ಹಾವಿನ ಪ್ಲಾಟಿನ ಮುಂಬಯಿಯವ.

ಒಂದು ಸಣ್ಣ ಲೆಕ್ಕ ನೋಡಿ. ಒಂದೊಂದು ಪ್ಲಾಟಿನ ಮುಂಭಾಗ 33 ಅಡಿ. ಒಂದು ಬದಿಗೆ 20 ಪ್ಲಾಟು ಎಂದರೆ ಓಣಿಯ ಉದ್ದ 660 ಅಡಿ. 40 ಮನೆಯಿದ್ದರೂ ಅಷ್ಟೇ ಕೊಳವೆ, ಅಷ್ಟೇ ಗಟಾರ, ಅಷ್ಟೇ ದೀಪದ ಕಂಬ. 11 ಮನೆಯಿದ್ದರೂ ಅಷ್ಟೇ. ಖರ್ಚು ಹಂಚಿಕೊಳ್ಳುವವರು ಮಾತ್ರ ಕಾಲುಭಾಗಕ್ಕೆ ಇಳಿಯುತ್ತಾರೆ. ಊರೊಳಗೆ ಇಂಥ ನೂರಾರು ಓಣಿ ಅರ್ಧ ಖಾಲಿ ಇರುವಾಗಲೇ ಅದರಾಚೆ ಇನ್ನೊಂದು ಹೊಲಕ್ಕೆ ಕಲ್ಲು ನೆಡುತ್ತಾರೆ. ಕೊಳವೆ ಇನ್ನೂ ದೂರ ಓಡಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ. ಎಷ್ಟೋ ಬಡಾವಣೆಗಳು ವಾರಕ್ಕೊಮ್ಮೆ ಬರುವ ನೀರಿಗಾಗಿ ಕಾದ ಊರಿದು. 2008ರಲ್ಲಿ ಕೆಲವು ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಟ್ಟು, ಇದು ಸಾಧ್ಯವೆಂದು ಇದೇ ಊರು ತೋರಿಸಿತು. ಆದರೆ ಊರು ಹರಡಿದಷ್ಟೂ ಆ ಕೆಲಸ ಕಠಿಣವಾಗುತ್ತ ಹೋಗುತ್ತದೆ.

ಹೀಗಾಗಿ, ಊರು ಹರಡುವುದಕ್ಕೆ ಜನ ಹೆಚ್ಚಿದ್ದೊಂದೇ ಕಾರಣವಲ್ಲ. ಬಾರದ ಜನ ಹಿಡಿದಿಟ್ಟ ನೆಲವೂ ಕಾರಣ. ಆ ಬಾರದ ಜನರಲ್ಲಿ ನಾವೂ ಇದ್ದೇವೆ.

ನೀರಿನ ದಾರಿ

ಮಧ್ಯಾಹ್ನ ಭೈರಿದೇವರಕೊಪ್ಪ ದಾಟಿ ಉಣಕಲ್ಲಿಗೆ ಬಂದೆವು. ಹಿಂದೆ ಹುಬ್ಬಳ್ಳಿ ಕುಡಿದದ್ದು ಈ ಕೆರೆಯ ನೀರನ್ನೇ. ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಅಪರೂಪದ ಗುಡಿ, ತಪ್ಪದೆ ನೋಡಿ. ಮನೆಗಳು ಅದಕ್ಕೆ ಮೈ ತಾಗುವಷ್ಟು ಹತ್ತಿರ ಬಂದಿವೆ.

ಉಣಕಲ್ ಕೆರೆಯಿಂದ ಹೊರಡುವ ನಾಲೆ ಹುಬ್ಬಳ್ಳಿಯ ನಡುವೆ ಹರಿಯುತ್ತದೆ. ನಮ್ಮ ಹಿರಿಯರು ಹೊಲ ಉಳುವಾಗಲೂ ಹಳ್ಳಕ್ಕೆ ಜಾಗ ಬಿಡುತ್ತಿದ್ದರು, ಏಕೆಂದರೆ ಹಳ್ಳ ತನ್ನ ದಾರಿಯನ್ನು ಮರೆಯುವುದಿಲ್ಲ. ಗುಂಟೆ ಪ್ಲಾಟಿನ ನಕ್ಷೆಯಲ್ಲಿ ಹಳ್ಳಕ್ಕೆ ಜಾಗವಿರುವುದಿಲ್ಲ. ಅದೂ ಎರಡು ಪ್ಲಾಟಾಗಿ ಮಾರಿಹೋಗಿರುತ್ತದೆ. 2005ರ ಜುಲೈ 26ರಂದು ಮುಂಬಯಿಯಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ. ಮೀಠಿ ನದಿಯ ದಾರಿ ಇಕ್ಕಟ್ಟಾಗಿದ್ದುದು ಅಂದು ಊರಿಗೆಲ್ಲ ತಿಳಿಯಿತು. ಮುಂಬಯಿ ತಡವಾಗಿ ಕಲಿತ ಪಾಠವನ್ನು ನಮ್ಮ ಊರು ಈಗಲೇ ಕಲಿಯಬಹುದು. ಇನ್ನೂ ಕಾಲ ಮೀರಿಲ್ಲ. ನಡುವೆ ಬಯಲು ಇನ್ನೂ ಇದೆ.

ಬೇರೆ ದಾರಿ ಇಲ್ಲವೇ?

ಸಂಜೆ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಹತ್ತಿರ ಗಿರಮಿಟ್ಟು, ಮಿರ್ಚಿ ತಿನ್ನುತ್ತ ಕುಳಿತಾಗ ಕಾಕಾಗೆ ನಾನು ನಮ್ಮ ಕಡೆಯ ಎರಡು ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಮೊದಲನೆಯದು ನಿಮ್ಮಲ್ಲಿ ಹಲವರು ವಾಸಿಸುವ ನವಿ ಮುಂಬಯಿ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಹಳ್ಳಿಗಳ ಭೂಮಿ ವಶಪಡಿಸಿಕೊಂಡಿತು. ಪರಿಹಾರ ಕಡಿಮೆಯೆಂದು ಆಗ್ರಿ, ಕೋಳಿ ಜನ ಹೋರಾಟಕ್ಕಿಳಿದರು. 1984ರ ಜನವರಿಯಲ್ಲಿ ಗೋಲಿಬಾರಿನಲ್ಲಿ ಐವರು ಪ್ರಾಣ ಕಳೆದುಕೊಂಡರು. ದಿ.ಬಾ. ಪಾಟೀಲರ ನೇತೃತ್ವದ ಆ ಹೋರಾಟದ ಫಲವಾಗಿ, ಭೂಮಿ ಕೊಟ್ಟವರಿಗೆ ಅಭಿವೃದ್ಧಿಪಡಿಸಿದ ನೆಲದಲ್ಲಿ ಶೇಕಡಾ 12.5ರಷ್ಟು ಮರಳಿ ಕೊಡುವ ಯೋಜನೆ ಬಂತು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣದ ಜೊತೆ ಅದೇ ಪಾಟೀಲರ ಹೆಸರು ಕೇಳಿಬಂತು. ಊರು ಬೆಳೆಯುವಾಗ ನೆಲ ಕೊಟ್ಟವನಿಗೂ ಪಾಲು ಇರಬೇಕೆನ್ನುವುದು ಆ ಕಥೆಯ ನೀತಿ.

ಎರಡನೆಯದು ಪುಣೆಯ ಹಡಪಸರದ ಹತ್ತಿರದ ಮಗರಪಟ್ಟಾ. ಅಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆಯನ್ನು ತುಂಡು ತುಂಡಾಗಿ ಮಾರಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ, ಹೊಲದ ಅಳತೆಯಂತೆ ಪಾಲು ಹಿಡಿದು ತಾವೇ ಒಂದು ಕಂಪನಿ ಮಾಡಿ, 2000ದ ಸುಮಾರಿಗೆ ಊರು ಕಟ್ಟಲು ಆರಂಭಿಸಿದರು. ನೆಲ ಒಂದಾಗಿದ್ದುದರಿಂದ ರಸ್ತೆ, ಉದ್ಯಾನ, ಶಾಲೆ ಎಲ್ಲವನ್ನೂ ಮೊದಲೇ ಗೊತ್ತುಮಾಡಲು ಸಾಧ್ಯವಾಯಿತು. ಗುಜರಾತಿನಲ್ಲಿ ಸರಕಾರವೇ ಇಂಥ ಕೆಲಸ ಮಾಡುತ್ತದೆ. ಅಲ್ಲಿನ ನಗರ ಯೋಜನೆಯ ಪದ್ಧತಿಯಲ್ಲಿ ಅಕ್ಕಪಕ್ಕದ ಹೊಲಗಳನ್ನೆಲ್ಲ ಕಾಗದದ ಮೇಲೆ ಒಂದುಗೂಡಿಸಿ, ರಸ್ತೆ ಉದ್ಯಾನಕ್ಕೆ ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ತೆಗೆದು, ಉಳಿದದ್ದನ್ನು ಚೊಕ್ಕ ಪ್ಲಾಟಾಗಿ ಅವರಿಗೇ ಹಿಂದಿರುಗಿಸುತ್ತಾರೆ. ರೈತ ಊರು ಬಿಡಬೇಕಾಗಿಲ್ಲ, ರಸ್ತೆಗಾಗಿ ಆಮೇಲೆ ಮನೆ ಒಡೆಯಬೇಕಾಗಿಲ್ಲ.

ಕಾಕಾ ಎಲ್ಲವನ್ನೂ ಕೇಳಿ, "ಅಣ್ಣ-ತಮ್ಮರೇ ಒಂದು ಬಾಂದಿನ ಸಲುವಾಗಿ ಕೋರ್ಟಿಗೆ ಹೋಗ್ತಾರ. ನೂರಾ ಇಪ್ಪತ್ತು ಮನಿತನ ಹೆಂಗ ಕೂಡಸ್ತೀ?" ಎಂದರು. ಸುಲಭವಲ್ಲ, ನಿಜ. ಆದರೆ ನವಲೂರಿನ ಆ ಯಜಮಾನರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. ಮಾರಬೇಡಿ ಎನ್ನುವುದು ಉತ್ತರವಲ್ಲ. ಒಂಟಿಯಾಗಿ, ಗುಂಟೆಯ ಲೆಕ್ಕದಲ್ಲಿ ಮಾರುವ ಸಂಕಟಕ್ಕೆ ಅವರು ಬೀಳದಂತೆ ನೋಡಿಕೊಳ್ಳುವುದೇ ಉತ್ತರ.

ಈಗ ಇದರ ಅವಸರ ಹೆಚ್ಚಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರೂ ಕರ್ನಾಟಕದಲ್ಲಿ ಹೊಲ ಕೊಳ್ಳಬಹುದೆಂದಾಯಿತು. ಧಾರವಾಡದ ಆಚೆ ಐ.ಐ.ಟಿ.ಯ ಸ್ವಂತ ಆವರಣ 2023ರಲ್ಲಿ ಉದ್ಘಾಟನೆಯಾಯಿತು. ಊರು ಈಗ ನಡುವೆ ಮಾತ್ರವಲ್ಲ, ನಾಲ್ಕೂ ದಿಕ್ಕಿಗೆ ಹಬ್ಬುತ್ತಿದೆ. ಇಷ್ಟರ ನಡುವೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 82 ವಾರ್ಡುಗಳಲ್ಲಿ 26 ಧಾರವಾಡದ ಕಡೆಯವು, 56 ಹುಬ್ಬಳ್ಳಿಯ ಕಡೆಯವು. ದೊಡ್ಡಣ್ಣನ ಮನೆಯಲ್ಲಿ ನಮ್ಮ ಮಾತು ನಡೆಯುವುದಿಲ್ಲ ಎಂಬ ಕೊರಗು ಧಾರವಾಡದವರಲ್ಲಿ ಬಹಳ ದಿನದ್ದು. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ನನ್ನ ಚಿಂತೆ ನಡುವಿನದು. ಮನೆ ಪಾಲಾದಾಗ ಅಡಿಗೆಮನೆ ಎರಡು ಮಾಡಬಹುದು, ಬಾವಿಯನ್ನು ಎರಡು ಮಾಡಲು ಬರುವುದಿಲ್ಲ. ಪಾಲಿಕೆ ಒಂದಿರಲಿ ಎರಡಿರಲಿ, ಹಳ್ಳ ಒಂದೇ, ರಸ್ತೆ ಒಂದೇ, ಮಲಪ್ರಭೆಯೂ ಒಂದೇ. ಊರು ಬೆಳೆಯುವ ನಕ್ಷೆಯೂ ಒಂದೇ ಆಗಿರಬೇಕು.

ನಿಮ್ಮ ಸರದಿ

ಇದೆಲ್ಲ ಸರಕಾರದ ಕೆಲಸ, ನಮಗೇನು ಎನ್ನಬೇಡಿ. ಇಂದೋ ನಾಳೆಯೋ ನಿಮ್ಮ ಮನೆಗೂ ಊರಿನಿಂದ ಒಂದು ಕರೆ ಬರುತ್ತದೆ. ಅಜ್ಜನ ಹೊಲದಲ್ಲಿ ನಿಮ್ಮ ಹೆಸರೂ ಇದೆ, ಸಹಿ ಮಾಡಬೇಕು ಎಂದು. ಇಲ್ಲವೆ ಯಾರೋ ಪರಿಚಯದವರು, "ನಮ್ಮ ಊರಾಗ ಒಂದು ಪ್ಲಾಟ್ ಇರಲಿ, ಬೆಲಿ ಏರ್ತದ" ಎನ್ನುತ್ತಾರೆ. ಆಗ ಹಿರಿಯನಾಗಿ ನನ್ನ ನಾಲ್ಕು ಮಾತು ನೆನಪಿರಲಿ.

ಮೊದಲು ಕಾಗದ ನೋಡಿ. ಎನ್.ಎ. ಆಗಿದೆಯೇ, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಇದೆಯೇ, ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. 2025ರ ಫೆಬ್ರುವರಿಯಿಂದ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಯಿತು. ತೆರಿಗೆ ಕಟ್ಟಲು ಅದರಿಂದ ದಾರಿಯಾಯಿತು, ಆದರೆ ಬಿ-ಖಾತಾ ಸಿಕ್ಕ ಮಾತ್ರಕ್ಕೆ ಇಲ್ಲದ ರಸ್ತೆ ಗಟಾರ ಹುಟ್ಟುವುದಿಲ್ಲ.

ಎರಡನೆಯದಾಗಿ, ನಕ್ಷೆಯಲ್ಲಿ ಉದ್ಯಾನವೆಂದು ಬರೆದ ಜಾಗಕ್ಕೆ ನಿಮ್ಮ ಕಾಲಿನಿಂದಲೇ ನಡೆದು ಹೋಗಿ. ಅಲ್ಲಿ ಉದ್ಯಾನವೇ ಇದೆಯೋ, ಇನ್ಯಾರದೋ ಮನೆಯೋ ನೋಡಿ. ಮಳೆಗಾಲದಲ್ಲೇ ಹೋಗಿ. ನೀರು ಎಲ್ಲಿ ನಿಲ್ಲುತ್ತದೆಂದು ಮಣ್ಣೇ ಹೇಳುತ್ತದೆ.

ಮೂರನೆಯದಾಗಿ, ಅಲ್ಲಿ ವಾಸಿಸುವ ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ. ನಿಮಗದು ಬೆಲೆ ಏರುವ ವಸ್ತು. ಪಕ್ಕದ ಮನೆಯ ತಾಯಿಗೆ ಅದು ಹಾವಿನ ಪ್ಲಾಟು. ಈಗಾಗಲೇ ಇದ್ದರೆ ತೆರಿಗೆ ಕಟ್ಟಿ, ಕಸ ತೆಗೆಸಿ, ಓಣಿಯವರಿಗೆ ನಿಮ್ಮ ಫೋನ್ ನಂಬರು ಕೊಡಿ, ವಂತಿಗೆ ಕೇಳಿದರೆ ನಿಮ್ಮ ಪಾಲು ಕೊಡಿ.

ನಾಲ್ಕನೆಯದಾಗಿ, ಪಿತ್ರಾರ್ಜಿತ ಹೊಲಕ್ಕೆ ಸಹಿ ಹಾಕುವ ಮುನ್ನ ಅಕ್ಕಪಕ್ಕದ ಹೊಲದವರು ಏನು ಮಾಡುತ್ತಿದ್ದಾರೆಂದು ಕೇಳಿ. ಕೂಡಿ ಮಾಡುವುದಾದರೆ ಕೂಡಿ ಮಾಡಿ. ನಿಮಗೆ ಓದು ಇದೆ, ಕಾನೂನು ತಿಳಿಯುತ್ತದೆ, ನಕ್ಷೆ ಓದಲು ಬರುತ್ತದೆ. ಊರಿನ ದೊಡ್ಡಪ್ಪ ಕಾಕಾಗಳಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಇದು.

ಹುಬ್ಬಳ್ಳಿಯಿಂದ ರಾತ್ರಿ ಗಾಡಿ ಹತ್ತುವ ಮೊದಲು ನಾನು ಮತ್ತೆ ಆ ಓಣಿಗೆ ಹೋದೆ. ಹಿಂದಿನ ವಂತಿಗೆಯ ಬಾಕಿಯನ್ನೆಲ್ಲ ಆ ತಾಯಿಯ ಕೈಗಿಟ್ಟು, ನಂಬರು ಬರೆದುಕೊಟ್ಟೆ. ಪ್ಲಾಟು ಸ್ವಚ್ಛ ಮಾಡಿಸಲು ಕಾಕಾಗೆ ರೊಕ್ಕ ಕೊಟ್ಟು ಬಂದೆ. ಮಾರಬೇಕೋ, ಕಟ್ಟಬೇಕೋ ಎನ್ನುವುದು ಇನ್ನೂ ಗೊತ್ತಾಗಿಲ್ಲ. ನಮ್ಮ ಮನೆಯಲ್ಲಿ ಮಗ "ಮಾರಿಬಿಡೋಣ" ಎನ್ನುತ್ತಾನೆ, ಮಗಳು "ಅಲ್ಲಿ ವಾಸಿಸುವವರಿಗೇ ಮಾರೋಣ, ಏಜೆಂಟರಿಗೆ ಬೇಡ" ಎನ್ನುತ್ತಾಳೆ. ಮಗಳ ಮಾತು ನನಗೆ ಸರಿಯೆನಿಸಿದೆ.

ಜನವರಿ ಕೊನೆಯಲ್ಲಿ ಆ ತಾಯಿಯ ಫೋನು ಬಂತು. "ಗಟಾರ ನಿಮ್ಮ ಪ್ಲಾಟಿನ ಮುಂದ ಬಂತ್ರಿ. ಇನ್ನ ಎಂಟು ಪ್ಲಾಟಿನವರು ಸಿಕ್ಕಿಲ್ಲ. ನಿಮ್ಮ ಸಂಘದಾಗ ಯಾರರ ಅದಾರೇನು, ಕೇಳಿ ನೋಡ್ರಿ" ಎಂದರು.

ಅದಕ್ಕಾಗಿಯೇ ಇದನ್ನು ಬರೆದೆ. ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡಿ.